ಅವ್ವನ ಬಲಗಾಲು ನನ್ನದು

ಹೊಸಪೇಟೆ
ಸೋಮವಾರ, 3 ಫೆಬ್ರವರಿ 2025

ಅಕ್ಕ,

ಬುತ್ತಿ ಚೀಲದಲ್ಲಿ ರೊಟ್ಟಿಯ ಕೆಳಗೆ ಈ ಕಾಗದ ಸಿಕ್ಕಿತೆಂದು ಗಾಬರಿಯಾಗಬೇಡ. ಅವ್ವ ಚೆನ್ನಾಗಿದ್ದಾಳೆ. ಶನಿವಾರ ನಾವಿಬ್ಬರೂ ಫೋನಿನಲ್ಲಿ ಕಿರುಚಾಡಿದ್ದನ್ನು ಅವಳು ಪೂರ್ತಿ ಕೇಳಿಸಿಕೊಂಡಳು. ಸ್ಪೀಕರ್ ಹಾಕಿದ್ದು ನನಗೆ ಮರೆತೇ ಹೋಗಿತ್ತು. ನೀನು ಫೋನ್ ಇಟ್ಟ ಮೇಲೆ ಅವ್ವ ಹೇಳಿದ್ದು ಇಷ್ಟು: "ಇನ್ನ ಮ್ಯಾಲೆ ಈ ವಿಷಯಕ್ಕ ಫೋನು ಬ್ಯಾಡ. ಬರಕೊಳ್ರಿ. ಬರಿಯಾಕ ಹೊತ್ತು ಹಿಡಿತೈತಿ, ಅಷ್ಟರಾಗ ಸಿಟ್ಟು ಆರತೈತಿ." ಅದಕ್ಕೇ ಬರೆಯುತ್ತಿದ್ದೇನೆ. ಸಿಟ್ಟು ಇನ್ನೂ ಆರಿಲ್ಲ.

ಫೋನಿನಲ್ಲಿ ನನ್ನ ಮಾತು ಮುಗಿಯಲು ನೀನು ಬಿಡಲಿಲ್ಲ. ಈಗ ಮುಗಿಸುತ್ತೇನೆ. ಅವ್ವನ ಎರಡೂ ಮೊಣಕಾಲು ಸವೆದಿವೆ. ಖಾನಾವಳಿಯವರಿಗೆ ರೊಟ್ಟಿ ಬಡಿಯುತ್ತಾ ವರ್ಷಗಟ್ಟಲೆ ಒಲೆಯ ಮುಂದೆ ಕಾಲು ಮಡಚಿ ಕುಳಿತದ್ದಕ್ಕೆ ಸಿಕ್ಕ ಬಹುಮಾನ. ಎರಡನ್ನೂ ಬದಲಿಸಬೇಕು, ಮೊದಲು ಬಲಗಾಲು, ಕೆಲವು ತಿಂಗಳು ಬಿಟ್ಟು ಎಡಗಾಲು ಎಂದಿದ್ದಾರೆ ಡಾಕ್ಟರು. ಅವ್ವನ ಹೆಸರು ಎರಡು ಪಾಲಿಸಿಗಳಲ್ಲಿದೆ. ಒಂದು ದೋಣಿಮಲೈಯಲ್ಲಿ ನಿನ್ನ ಗಣಿ ಕಂಪನಿಯದು. ಇನ್ನೊಂದು ನಾನು ದುಡಿಯುವ ಬೈಕ್ ಶೋರೂಮಿನದು. ನನ್ನದು ಚಿಕ್ಕದು, ಒಪ್ಪಿದೆ. ತಾಯಿಯ ಬಿಲ್ಲಿನಲ್ಲಿ ಐದರಲ್ಲೊಂದು ಪಾಲನ್ನು ನಾವೇ ಕಟ್ಟಬೇಕು, ರೂಮಿನ ಬಾಡಿಗೆಗೂ ಮಿತಿ ಹಾಕಿದ್ದಾರೆ. ಆದರೆ ಅದು ಇದೆ. ಅದಕ್ಕಾಗಿ ನನ್ನ ಸಂಬಳದಲ್ಲಿ ತಿಂಗಳು ತಿಂಗಳು ಹಿಡಿಯುತ್ತಾರೆ. ಒಂದೇ ಪಾಲಿಸಿಯ ಮಿತಿಯಲ್ಲಿ ಎರಡು ಕಾಲು ಹಿಡಿಯುವುದೂ ಇಲ್ಲ. ಆದ್ದರಿಂದ ಬಲಗಾಲಿಗೆ ನನ್ನ ಕಾರ್ಡು ತೋರಿಸೋಣ, ಎಡಗಾಲಿಗೆ ನಿನ್ನದು. ನಾನು ಕೇಳುತ್ತಿರುವುದು ಇಷ್ಟೇ.

"ಯಾವುದು ಮೊದಲಾದ್ರೇನು" ಎಂದೆ ನೀನು. ಏನು ಎಂದು ಹೇಳುತ್ತೇನೆ. ಅಪ್ಪ ತೀರಿಕೊಂಡಾಗ ಕಂಪನಿಯವರು ಕೊಟ್ಟ ನೌಕರಿ ನಿನಗೆ ಹೋಯಿತು. ನೀನು ಡಿಗ್ರಿ ಮುಗಿಸಿದ್ದೆ, ನಾನು ಪಿಯುಸಿಗೆ ಅರ್ಧದಲ್ಲಿ ಶರಣು ಹೊಡೆದು ಬಂದಿದ್ದೆ, ಸರಿಯೇ. ಕ್ವಾರ್ಟರ್ಸೂ ನಿನಗೇ. ನೆಂಟರ ಮದುವೆಗೆ ಹೋದರೆ ಅವ್ವ ನಿನ್ನನ್ನು "ನಮ್ಮ ಶೈಲಜಾ, ಮೈನ್ಸ್‌ನಾಗ ಆಫೀಸಿನಾಗ ಅದಾಳ" ಎಂದು ಪರಿಚಯಿಸುತ್ತಾಳೆ. ನನ್ನನ್ನು "ಈಕಿ ಸಣ್ಣಾಕಿ" ಎನ್ನುತ್ತಾಳೆ, ಅಲ್ಲಿಗೆ ಪರಿಚಯ ಮುಗಿಯಿತು. ಪ್ರತಿ ಸೋಮವಾರ ನಸುಕಿನಲ್ಲಿ ಎದ್ದು ಆ ಮೊಣಕಾಲಲ್ಲೇ ನಿನಗೆ ಬುತ್ತಿ ಕಟ್ಟುತ್ತಾಳೆ. ಅದನ್ನು ಹೊತ್ತು ಹೋಗಿ ನಿಮ್ಮ ಸ್ಟಾಫ್ ಬಸ್ಸಿನ ಪಾಲಪ್ಪನ ಕೈಗೆ ಕೊಡುವವಳು ನಾನು. ಎಲ್ಲಿಗೂ ಹೋಗದವಳಿಗೆ ಯಾರು ಬುತ್ತಿ ಕಟ್ಟುತ್ತಾರೆ?

ಇದು ಹೊಟ್ಟೆಕಿಚ್ಚು ಎಂದು ನೀನು ಹೇಳುವ ಮೊದಲೇ ನಾನು ಹೇಳುತ್ತೇನೆ. ಹೌದು, ಹೊಟ್ಟೆಕಿಚ್ಚು. ಬಲಗಾಲು ನನಗಿರಲಿ.

ಶಿಲ್ಪಶ್ರೀ

ತಾ.ಕ.: ಡಬ್ಬಿಯನ್ನು ಖಾಲಿ ತಿರುಗಿಸಬಾರದು, ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕಳಿಸಬೇಕು ಎಂದು ಅವ್ವ ನಮಗಿಬ್ಬರಿಗೂ ಕಲಿಸಿದ್ದಾಳೆ. ನೀನು ಪ್ರತಿ ಸಲ ಖಾಲಿ ಕಳಿಸುತ್ತೀ. ಬರೀ ನೋಡಿದ್ದನ್ನು ಹೇಳಿದೆ.


ದೋಣಿಮಲೈ
ಶುಕ್ರವಾರ, 7 ಫೆಬ್ರವರಿ 2025

ಶಿಲ್ಪಾ,

ಕಾಗದ ಸಿಕ್ಕಿತು. ಅರ್ಧಕ್ಕೆ ಚಟ್ನಿಯ ಎಣ್ಣೆ ಕುಡಿದಿತ್ತು, ಆದರೂ ಓದಲು ಬಂತು.

ಅವ್ವನ ಆಪರೇಷನ್ನಿನ ನಡುವೆ ನಿನ್ನ ನನ್ನ ಲೆಕ್ಕ ತರಬೇಡ. ನನ್ನ ಪಾಲಿಸಿ ದೊಡ್ಡದು. ಕೈಯಿಂದ ಪಾಲು ಕಟ್ಟುವ ರಗಳೆ ಇಲ್ಲ, ರೂಮಿನ ಮಿತಿ ಇಲ್ಲ. ದೊಡ್ಡದು ಇರುವಾಗ ಚಿಕ್ಕದನ್ನು ಮುಂದೆ ಹಿಡಿಯುವುದು ಜಾಣತನವಲ್ಲ. ಬುಧವಾರ ಆಫೀಸಿನ ಕೆಲಸಕ್ಕೆ ಹೊಸಪೇಟೆಗೆ ಬಂದಿದ್ದೆ, ಹಾಗೆಯೇ ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನಲ್ಲಿ ನನ್ನ ಕಾಗದಗಳನ್ನೆಲ್ಲ ಕೊಟ್ಟಿದ್ದೇನೆ. ಹದಿಮೂರನೆಯ ತಾರೀಖು ಗುರುವಾರ ಆಪರೇಷನ್. ನಾನು ಅಂದು ಬೆಳಿಗ್ಗೆಯೇ ಬರುತ್ತೇನೆ.

ನೀನು ಅವ್ವನ ಜೊತೆ ಇರು, ಸಾಕು. ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ.

ಶೈಲಜಾ


ಹೊಸಪೇಟೆ
ಸೋಮವಾರ, 17 ಫೆಬ್ರವರಿ 2025

ಅಕ್ಕ,

ಗುರುವಾರ ಆಸ್ಪತ್ರೆಯ ಮೆಟ್ಟಿಲ ಮೇಲೆ ನಾವು ಒಂದು ಮಾತೂ ಆಡದೆ ಬೇರೆಯಾದೆವು. ನೀನು ಸಂಡೂರಿನ ಬಸ್ಸು ಹತ್ತಿದೆ, ನಾನು ಅವ್ವನನ್ನು ಆಟೋದಲ್ಲಿ ಕೂರಿಸಿಕೊಂಡು ಮನೆಗೆ ಬಂದೆ. ಆದದ್ದು ಏನು ಎಂದು ನನ್ನ ಕಡೆಯಿಂದ ಬರೆಯುತ್ತೇನೆ. ನನ್ನ ತಪ್ಪನ್ನು ಬಿಡುವುದಿಲ್ಲ, ನಿನ್ನದನ್ನೂ ಬಿಡುವುದಿಲ್ಲ.

"ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ" ಎಂಬ ನಿನ್ನ ಸಾಲು ಓದಿ ನನಗೆ ಮೈ ಉರಿಯಿತು. ಹೊಸಪೇಟೆಯ ತನಕ ಬಂದವಳು ಮನೆಗೆ ಬಂದು ಒಂದು ಲೋಟ ಚಹಾ ಕುಡಿಯಲಿಲ್ಲ, ಕೌಂಟರಿಗೆ ಹೋಗಿ ಹಾಗೆಯೇ ತಿರುಗಿ ಹೋದೆ ನೀನು. ಹಿಂದಿನ ಸೋಮವಾರ ನಾನು ನಿನ್ನ ಬುತ್ತಿಯನ್ನು ಪಾಲಪ್ಪನಿಗೆ ಕೊಟ್ಟು, ಅಲ್ಲಿಂದ ನೆಟ್ಟಗೆ ಆಸ್ಪತ್ರೆಗೆ ಹೋದೆ. ಅದೇ ಕೌಂಟರಿನಲ್ಲಿ ನನ್ನ ಕಾರ್ಡು ಕೊಟ್ಟು, ಕ್ಯಾಶ್‌ಲೆಸ್ ಇದರಲ್ಲೇ ಆಗಬೇಕು ಎಂದೆ. ಅಲ್ಲಿದ್ದ ಹುಡುಗಿ ಹೊಸಬಳು, ತೆಗೆದುಕೊಂಡು ಕಳಿಸಿಬಿಟ್ಟಳು. ನೀನು ಮೊದಲೇ ಕೊಟ್ಟಿದ್ದೀ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ. ಯಾವುದು ಮೊದಲು ಒಪ್ಪಿಗೆಯಾಗಿ ಬರುತ್ತದೋ ಅದು ಗೆದ್ದಿತು ಎಂದುಕೊಂಡೆ.

ಯಾವುದೂ ಬರಲಿಲ್ಲ. ಅವ್ವ ಹಸಿರು ಗೌನು ಹಾಕಿಕೊಂಡು, ಹಿಂದಿನ ರಾತ್ರಿಯಿಂದ ಹನಿ ನೀರು ಕುಡಿಯದೆ ಮಂಚದ ಮೇಲೆ ಕುಳಿತಿದ್ದಾಗ ಕೌಂಟರಿನ ಮಲ್ಲೇಶ್ ನಮ್ಮಿಬ್ಬರನ್ನೂ ಕರೆದನಲ್ಲ, ಅವನ ಮುಖ ನೆನಪಿದೆಯೇ? ಎರಡು ಮದುವೆ ಮನೆಯವರಿಗೆ ಒಂದೇ ಕಲ್ಯಾಣ ಮಂಟಪ ಬಾಡಿಗೆಗೆ ಕೊಟ್ಟವನ ಮುಖ. "ಒಬ್ರು ಪೇಷಂಟಿಗೆ ಎರಡು ಕಡಿಂದ ಕ್ಯಾಶ್‌ಲೆಸ್ ಕೇಳಿದ್ರ ಇಬ್ರೂ ಕೈ ಕಟ್ಟಿ ಕುಂದ್ರತಾರ್ರಿ ಮೇಡಂ. ಮೊದಲು ಒಂದ್ರಾಗ ತಗೋಬೇಕು, ಅದು ಕೊಟ್ಟು ಉಳಿದಿದ್ದನ್ನ ಇನ್ನೊಂದ್ರಾಗ ಕೇಳಬೇಕು. ಯಾವುದು ಮೊದಲು ಅಂತ ನೀವು ಹೇಳ್ರಿ."

ನಾವಿಬ್ಬರೂ ಒಂದೇ ಉಸಿರಿಗೆ "ನಂದು" ಎಂದೆವು.

ಅಷ್ಟರ ತನಕ ತಪ್ಪು ನನ್ನದು. ಆಮೇಲೆ ಅವನು ಹೇಳಿದನಲ್ಲ, ಫಾರ್ಮಿನಲ್ಲಿ ಬೇರೆ ಪಾಲಿಸಿ ಇದೆಯೇ ಎಂದು ಕೇಳಿದ ಕಡೆ ನೀನು ಇಲ್ಲ ಎಂದು ಬರೆದಿದ್ದೀ, ನಾನು ಇದೆ ಎಂದು ಬರೆದಿದ್ದೇನೆ, ಇನ್ಶೂರೆನ್ಸ್ ಕಂಪನಿಯವರು ಯಾರನ್ನು ನಂಬಬೇಕು ಎಂದು. ಆ ಮಾತು ಇನ್ನೂ ಕಿವಿಯಲ್ಲಿದೆ. ಅಕ್ಕ, ನೀನು ನನ್ನ ಕಾಗದ ಸೋಮವಾರ ಓದಿದೆ, ಬುಧವಾರ ಹೋಗಿ ಇಲ್ಲ ಎಂದು ಬರೆದೆ. ಚಿಕ್ಕದು ಎಂದಿದ್ದರೆ ಸಹಿಸುತ್ತಿದ್ದೆ. ಇಲ್ಲ ಎಂದೆಯಲ್ಲ.

ಹೊರಗಿನಿಂದ ಬರುವ ಡಾಕ್ಟರು ಕಾದು ಕಾದು ಬೇರೆಯವರ ಆಪರೇಷನ್ ಮಾಡಿ ಹೋದರು. ಮತ್ತೆ ತಾರೀಖು ಸಿಕ್ಕಿರುವುದು ಮಾರ್ಚ್ ಇಪ್ಪತ್ತೇಳಕ್ಕೆ. ಗೇಟಿನ ಹೊರಗೆ ಅವ್ವ ಗಾಡಿಯವನ ಹತ್ತಿರ ಒಗ್ಗರಣೆ ಮಂಡಕ್ಕಿ ಮಿರ್ಚಿ ತೆಗೆದುಕೊಂಡು ಹಸಿದ ಹೊಟ್ಟೆಗೆ ತಿಂದಳು. ನಾನು ಅಳುತ್ತಿದ್ದೆ. ಅವಳು ಮಿರ್ಚಿ ಕಚ್ಚುತ್ತಾ ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ: "ಯಾವ ಕಾಲು ಯಾರ್ದು ಅಂತ ಹಚ್ಚಿ ಹಾಕಿಸ್ಲೇನು? ಬಲಕ್ಕ ನಿನ್ನ ಹೆಸರು, ಎಡಕ್ಕ ಆಕಿ ಹೆಸರು. ನಡಿಯಾಕಿ ಮಾತ್ರ ನಾನಽ ಅಲ್ಲ?"

ಶಿಲ್ಪಶ್ರೀ


ದೋಣಿಮಲೈ
ಮಂಗಳವಾರ, 18 ಫೆಬ್ರವರಿ 2025

ಶಿಲ್ಪಾ,

ಶುಕ್ರವಾರದ ತನಕ ಕಾಯಲು ಆಗಲಿಲ್ಲ, ಇವತ್ತೇ ಪಾಲಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ.

ಇಲ್ಲ ಎಂದು ಬರೆದದ್ದು ಹೌದು. ಇದೆ ಎಂದರೆ ಹತ್ತು ಪ್ರಶ್ನೆ ಕೇಳಿ ತಡ ಮಾಡುತ್ತಾರೆ ಎಂದು ಆಫೀಸಿನಲ್ಲಿ ಯಾರೋ ಹೇಳಿದರು. ಅದು ಒಂದು. ಇನ್ನೊಂದು ಕಾರಣ ನೀನೇ. ಮೊಬೈಲ್ ಅಂಗಡಿ ಬಿಟ್ಟೆ. ಬಟ್ಟೆ ಅಂಗಡಿ ಬಿಟ್ಟೆ. ಸಂಡೂರು ರಸ್ತೆಯ ಪೆಟ್ರೋಲ್ ಬಂಕಿನಲ್ಲಿ ಯೂನಿಫಾರ್ಮ್ ಹೊಲಿಸಿಕೊಂಡ ವಾರವೇ ಬಿಟ್ಟೆ. ಈ ಶೋರೂಮಿಗೆ ಸೇರಿದ ಮೇಲೂ ಪ್ರತಿ ತಿಂಗಳು ಫೋನ್ ಮಾಡಿ "ನಾಳಿ ಬಿಡ್ತೀನಿ" ಎನ್ನುತ್ತೀ. ನೌಕರಿ ಬಿಟ್ಟ ದಿನ ಆ ಪಾಲಿಸಿಯಿಂದ ಅವ್ವನ ಹೆಸರೂ ಹೋಗುತ್ತದೆ. ನಾಳೆ ಇರುತ್ತದೋ ಇಲ್ಲವೋ ಎಂಬ ಕಾರ್ಡನ್ನು ನಾನು ಯಾವ ಧೈರ್ಯದಿಂದ ಇದೆ ಎಂದು ಬರೆಯಲಿ?

ನಿನ್ನ ಹಟಕ್ಕೆ ಅವ್ವ ಇನ್ನೂ ಒಂದು ತಿಂಗಳು ಗೋಡೆ ಹಿಡಿದು ನಡೆಯಬೇಕು. ಅದನ್ನು ನೆನಪಿಡು.

ಶೈಲಜಾ


ಹೊಸಪೇಟೆ
ಸೋಮವಾರ, 24 ಫೆಬ್ರವರಿ 2025

ಅಕ್ಕ,

ನೆನಪಿಡಬೇಕಾಗಿಲ್ಲ, ಎದುರಿಗೇ ಇದೆ. ನಿನ್ನೆ ಅವ್ವ ಬಚ್ಚಲಿನ ಮೆಟ್ಟಿಲು ಇಳಿಯಲಾಗದೆ ಅಲ್ಲೇ ಕುಳಿತುಬಿಟ್ಟಿದ್ದಳು. ನನ್ನನ್ನು ಕೂಗಲೂ ಇಲ್ಲ. ಹಾಲಿನವನು ಬಾಗಿಲು ಬಡಿದಾಗ ನಾನು ಎದ್ದು ನೋಡಿದೆ. ಬಲಗಾಲು ಊದಿಕೊಂಡಿತ್ತು. ಯಾರ ಕಾರ್ಡಿನ ಕಾಲು ಎಂದು ನಾನು ಆಗ ಕೇಳಲಿಲ್ಲ, ನೀನಿದ್ದರೂ ಕೇಳುತ್ತಿರಲಿಲ್ಲ.

ನಾನು ಬಿಟ್ಟ ಕೆಲಸಗಳ ಪಟ್ಟಿಯನ್ನು ಚೆನ್ನಾಗಿ ಮಾಡಿದ್ದೀ. ಆದರೆ ಶೋರೂಮಿಗೆ ಬಂದು ಮೂರು ವರ್ಷವಾಯಿತು, ಅದು ಯಾಕೆ ನಿನ್ನ ಪಟ್ಟಿಯಲ್ಲಿಲ್ಲ? ಒಂದು ಕಡೆ ಒಂದು ತಾಸು ಕೂರಲಾರದವಳು ನಾನು. ಕ್ಲಾಸಿನಲ್ಲಿ ಕೂರಲಾರದೆ ಓದು ಬಿಟ್ಟವಳು. ಸರ್ವಿಸ್ ಕೌಂಟರಿನಲ್ಲಿ ಬೆಳಿಗ್ಗೆಯಿಂದ ಸಂಜೆಯ ತನಕ ಗಾಡಿ ನಂಬರ್ ಬರೆದುಕೊಳ್ಳುತ್ತಾ ಕೂರುತ್ತೇನೆ. ಟೇಬಲ್ಲಿನ ಕೆಳಗೆ ಕಾಲು ಸುಮ್ಮನಿರುವುದಿಲ್ಲ. ಪಕ್ಕದವರು "ಹೊಲಿಗಿ ಮಷೀನ್ ತುಳಿಯಾಕತ್ತೀಯೇನು" ಎಂದು ನಗುತ್ತಾರೆ. ಪ್ರತಿ ತಿಂಗಳು ನಾಳೆ ಬಿಡುತ್ತೇನೆ ಎಂದದ್ದು ನಿಜ. ಬಿಡಲಿಲ್ಲ ಎಂಬುದೂ ನಿಜ.

ನನ್ನ ಜೊತೆ ಹೈಸ್ಕೂಲಿನಲ್ಲಿದ್ದ ಅರ್ಚಿತಾ ಬುಕ್ಕಸಾಗರದ ಹತ್ತಿರ ಬಾಡಿಗೆ ಸೈಕಲ್ ಇಟ್ಟಿದ್ದಾಳೆ. ಪ್ರವಾಸಿಗರನ್ನು ಹಂಪಿಯ ಕಲ್ಲಿನ ದಾರಿಗಳಲ್ಲಿ, ಬಾಳೆತೋಟ, ಗದ್ದೆಗಳ ನಡುವೆ ಸುತ್ತಿಸಿ ತರಬೇಕು. ಒಂದು ಭಾನುವಾರ ಅವಳ ಬದಲು ನಾನು ಹೋಗಿದ್ದೆ. ಸಂಜೆ ಮನೆಗೆ ಬಂದಾಗ ನನ್ನ ಕಾಲು ಮೊದಲ ಸಲ ಸುಮ್ಮನಿತ್ತು. ಜೊತೆಗೆ ಬಾ ಎಂದು ಎರಡು ವರ್ಷದಿಂದ ಕರೆಯುತ್ತಿದ್ದಾಳೆ. ಅಲ್ಲಿ ಪಾಲಿಸಿ ಗೀಲಿಸಿ ಏನೂ ಇಲ್ಲ. ಆದ್ದರಿಂದ ಹೋಗಲಿಲ್ಲ. ಅವ್ವನ ಹೆಸರು ಇರುವ ಒಂದು ಕಾರ್ಡು ನನ್ನ ಕೈಯಲ್ಲೂ ಇರಲಿ ಎಂದು ಕುಳಿತೆ. ಇದನ್ನು ಅವ್ವನಿಗೂ ಹೇಳಿಲ್ಲ. ನಿನಗೂ ಹೇಳಬಾರದೆಂದಿದ್ದೆ. ಆದರೆ ನೀನು ಇಲ್ಲ ಎಂದು ಬರೆದದ್ದು ಆ ಕಾರ್ಡನ್ನೇ.

ನೀನು ಅಪ್ಪನ ಕುರ್ಚಿಯಲ್ಲಿ ಕುಳಿತದ್ದಕ್ಕೆ ನಿನ್ನ ಕೈಗೆ ಕಾರ್ಡು ಬಂತು. ನನ್ನ ಕಾರ್ಡಿಗಾಗಿ ನಾನು ಕೂತೆ.

ಶಿಲ್ಪಶ್ರೀ


ಹೊಸಪೇಟೆ
ಸೋಮವಾರ, 10 ಮಾರ್ಚ್ 2025

ಅಕ್ಕ,

ಎರಡು ವಾರದಿಂದ ಡಬ್ಬಿ ಬರುತ್ತಿದೆ, ಉತ್ತರವಿಲ್ಲ. ಅವ್ವ ಚೀಲದ ತಳ ತಡವಿ ನೋಡುತ್ತಾಳೆ, ನಾನು ನೋಡುವುದಿಲ್ಲ. ಅವ್ವನ ಮಾತ್ರೆ ಬದಲಿಸಿದ್ದಾರೆ. ಚಟ್ನಿಗೆ ಈ ಸಲ ಖಾರ ಹೆಚ್ಚು.

ಶಿಲ್ಪಶ್ರೀ


ದೋಣಿಮಲೈ
ಶುಕ್ರವಾರ, 14 ಮಾರ್ಚ್ 2025

ಶಿಲ್ಪಾ,

ಬರೆದು ಹರಿದೆ, ಎರಡು ಸಲ. ನಿನಗಾದರೆ ಸಿಟ್ಟು ಬಂದದ್ದು ಬಂದ ಹಾಗೆ ಕಾಗದಕ್ಕೆ ಇಳಿಯುತ್ತದೆ. ನನಗೆ ಇಳಿಯುವುದಿಲ್ಲ. ಅದಕ್ಕೂ ನಾನು ನಿನ್ನನ್ನು ನೋಡಿ ಒಳಗೇ ಕುದಿದಿದ್ದೇನೆ.

ಅಪ್ಪನ ಕುರ್ಚಿ ಎಂದು ಬರೆದೆಯಲ್ಲ. ಅದು ಕುರ್ಚಿಯಲ್ಲ, ಗೋಡೆಯ ಮೇಲಿನ ಮೊಳೆ. ಅಪ್ಪ ಹೆಲ್ಮೆಟ್ ತೂಗುಹಾಕುತ್ತಿದ್ದ ಮೊಳೆಗೇ ನನ್ನ ಹೆಲ್ಮೆಟ್ ತೂಗುಹಾಕಬೇಕೆಂದು ಮೊದಲ ದಿನ ಹಿರಿಯರು ತೋರಿಸಿದರು. ಪ್ರೀತಿಯಿಂದಲೇ ತೋರಿಸಿದರು. ಆರು ವರ್ಷವಾಯಿತು, ಇವತ್ತಿಗೂ ಅಲ್ಲಿ ಅರ್ಧ ಜನಕ್ಕೆ ನನ್ನ ಹೆಸರು ಗೊತ್ತಿಲ್ಲ, "ಶಂಭುಲಿಂಗಪ್ಪನ ಮಗಳು" ಎಂದು ಕರೆಯುತ್ತಾರೆ. ನಾನು ಬಿ.ಎಡ್. ಮಾಡಬೇಕೆಂದಿದ್ದು ನಿನಗೆ ನೆನಪಿದೆಯೋ ಇಲ್ಲವೋ. ನೀನು ಬೇಡವಾದದ್ದನ್ನೆಲ್ಲ ಬಿಟ್ಟು ಬಂದೆ. ಬಿಡಲು ಬರುವುದೂ ಒಂದು ಶಕ್ತಿ ಎಂದು ನನಗನ್ನಿಸುತ್ತದೆ.

ಇನ್ನೊಂದು ಮಾತು. ನೀನು ನನ್ನ ಬುತ್ತಿಗೆ ಹೊಟ್ಟೆಕಿಚ್ಚು ಪಟ್ಟೆ. ಹೊಸಪೇಟೆಯಿಂದ ಬಸ್ಸು ಸಂಡೂರಿನ ಮೇಲೆ ಗುಡ್ಡ ಹತ್ತಿ ಬಂದು, ನನ್ನ ಡ್ಯೂಟಿ ಮುಗಿದು, ನಾನು ಆ ಗಂಟು ಬಿಚ್ಚುವಾಗ ರೊಟ್ಟಿ ತಣ್ಣಗಾಗಿರುತ್ತದೆ. ತಣ್ಣಗಿನ ರೊಟ್ಟಿಯನ್ನು ಒಬ್ಬಳೇ ಮುರಿದು ತಿನ್ನುತ್ತೇನೆ. ನೀನು ಹಂಚಿನ ಪಕ್ಕದಲ್ಲಿ ಕುಳಿತು, ಅವ್ವ ಎತ್ತಿ ಹಾಕಿದ್ದನ್ನು ಬೆರಳು ಸುಟ್ಟುಕೊಂಡು ತಿನ್ನುತ್ತೀ. ಆರು ವರ್ಷದಲ್ಲಿ ನಾನು ಬಿಸಿ ರೊಟ್ಟಿ ತಿಂದದ್ದು ಹಬ್ಬ ಹುಣ್ಣಿಮೆಗೆ ಮಾತ್ರ. ಡಬ್ಬಿ ಖಾಲಿ ಕಳಿಸುತ್ತೀ ಎಂದೆ. ಹೌದು, ಬೇಕೆಂದೇ ಕಳಿಸುತ್ತಿದ್ದೆ. ಅಲ್ಲಿ ನೀವಿಬ್ಬರೂ ಇರುತ್ತೀರಿ, ನಿಮಗೆ ನಾನೇನು ಹಾಕಿ ಕಳಿಸಲಿ ಎಂದು.

ಅವ್ವನ ಕಾಗದಕ್ಕೆಲ್ಲ ನಾನು ಓಡಾಡಿದ್ದು, ನಿನ್ನನ್ನು ದೂರ ಇಟ್ಟದ್ದು ಯಾಕೆಂದು ಈಗ ಗೊತ್ತಾಯಿತಲ್ಲ. ದಿನಾ ಅವಳ ಹತ್ತಿರ ನೀನಿದ್ದೀ. ಇದೊಂದಾದರೂ ನನಗಿರಲಿ ಎಂದುಕೊಂಡೆ.

ಕೆಲಸದ ಮಾತಿಗೆ ಬರುತ್ತೇನೆ. ನಿನ್ನೆ ರಜೆ ಹಾಕಿ ಆಸ್ಪತ್ರೆಗೆ ಹೋಗಿದ್ದೆ. ಇಲ್ಲ ಎಂದು ಬರೆದದ್ದು ತಪ್ಪು ಎಂದು ನನ್ನ ಇನ್ಶೂರೆನ್ಸ್ ಕಂಪನಿಗೆ ಬರೆದುಕೊಟ್ಟೆ. ನನ್ನ ಕೋರಿಕೆ ವಾಪಸ್ ತೆಗೆದುಕೊಂಡೆ. ಬಲಗಾಲಿಗೆ ನಿನ್ನ ಕಾರ್ಡು ಮೊದಲು. ಅದು ಕೊಡದೆ ಬಿಟ್ಟದ್ದನ್ನು, ನಿನ್ನ ಆ ಐದರಲ್ಲೊಂದು ಪಾಲನ್ನೂ ಸೇರಿಸಿ, ನನ್ನದರಲ್ಲಿ ಕೇಳಬಹುದು. ಎಡಗಾಲಿಗೆ ನನ್ನದು. ದೊಡ್ಡದು ಮೊದಲು ಎಂಬ ನನ್ನ ಲೆಕ್ಕದಲ್ಲಿ ಒಂದನ್ನು ಬಿಟ್ಟಿದ್ದೆ. ನನ್ನ ಪಾಲಿಸಿ ಎಲ್ಲಿಗೂ ಹೋಗುವುದಿಲ್ಲ, ನಾನೂ ಹೋಗುವುದಿಲ್ಲ. ನಿನ್ನದು ನೀನು ಕೂತಿರುವ ತನಕ ಮಾತ್ರ. ಆದ್ದರಿಂದ ನಿನ್ನದನ್ನು ಮೊದಲು ಬಳಸೋಣ. ಅದರ ಕ್ಲೇಮ್ ಪೂರ್ತಿ ಮುಗಿದ ಮರುದಿನ ನೀನು ಆ ಕೌಂಟರಿನಿಂದ ಏಳು.

ಶೈಲಜಾ

ಡಬ್ಬಿಯಲ್ಲಿ ಕಲ್ಲುಸಕ್ಕರೆ ಇದೆ.


ಹೊಸಪೇಟೆ
ಸೋಮವಾರ, 17 ಮಾರ್ಚ್ 2025

ಅಕ್ಕ,

ನಿನ್ನ ಕಾಗದವನ್ನು ಅವ್ವನಿಗೆ ಓದಿ ಹೇಳಲಿಲ್ಲ. ಕಲ್ಲುಸಕ್ಕರೆ ಮಾತ್ರ ಕೊಟ್ಟೆ. ಒಂದು ಹರಳು ಬಾಯಿಗೆ ಹಾಕಿಕೊಂಡು, "ಬರದು ಬರದು ಸಿಟ್ಟು ಆರಿತೇನು?" ಎಂದಳು. ಆರಿತು ಎಂದರೆ ಸುಳ್ಳಾಗುತ್ತದೆ. ನಾನೂ ಒಂದು ಹರಳು ಬಾಯಿಗೆ ಹಾಕಿಕೊಂಡೆ.

ಬಲಗಾಲು ನನಗೆ ಸಿಕ್ಕಿತು. ಕೇಳಿದ್ದು ಸಿಕ್ಕಿದರೆ ಖುಷಿಯಾಗಬೇಕಲ್ಲವೇ? ಎರಡು ದಿನ ನೋಡಿದೆ, ಆಗಲಿಲ್ಲ. ಆಮೇಲೆ ತಿಳಿಯಿತು. ನಾನು ಕಿತ್ತುಕೊಳ್ಳಬೇಕೆಂದಿದ್ದೆ, ನೀನು ಕೊಟ್ಟುಬಿಟ್ಟೆ. ಒಳ್ಳೆಯವಳಾಗುವುದರಲ್ಲೂ ನೀನೇ ಮೊದಲು ಹೋಗಿ ನಿಂತೆ. ಅದಕ್ಕೂ ಹೊಟ್ಟೆಕಿಚ್ಚು ಪಡುವವಳು ನಿನ್ನ ತಂಗಿ.

ಬಿಸಿ ರೊಟ್ಟಿಯ ಮಾತು ಓದಿದ ರಾತ್ರಿ ಊಟಕ್ಕೆ ಕುಳಿತಾಗ ಅವ್ವ ಹಂಚಿನಿಂದ ಎತ್ತಿ ಹಾಕಿದಳು. ಅದು ಉಬ್ಬಿ ಹೊಗೆಯಾಡುತ್ತಿತ್ತು. ಇಷ್ಟು ವರ್ಷ ಅದನ್ನು ನಾನು ರೊಟ್ಟಿ ಎಂದು ಮಾತ್ರ ತಿಂದಿದ್ದೆ.

ಇಪ್ಪತ್ತೇಳಕ್ಕೆ ಬಾ. ಹಿಂದಿನ ದಿನವೇ ಬಾ. ಮನೆಗೆ ಬಾ.

ಶಿಲ್ಪಾ


ಹೊಸಪೇಟೆ
ಸೋಮವಾರ, 5 ಮೇ 2025

ಅಕ್ಕ,

ಅವ್ವ ನಿನ್ನೆ ವಾಕರ್ ಹಿಡಿದು ಓಣಿಯ ತುದಿಯ ತನಕ ಹೋಗಿ ಬಂದಳು. ಎದುರು ಮನೆಯ ತಿಪ್ಪಕ್ಕ "ಹೊಸ ಕಾಲು ಹೆಂಗೈತಿ" ಎಂದು ಕೇಳಿದರೆ, "ಸಣ್ಣಾಕಿ ಕೊಡಿಸ್ಯಾಳ, ಇನ್ನೊಂದು ದೊಡ್ಡಾಕಿ ಕೊಡಿಸ್ತಾಳ" ಎಂದಳು. ನಾನು ಬಾಗಿಲಲ್ಲೇ ನಿಂತಿದ್ದೆ. ಸಣ್ಣಾಕಿ ಎಂಬ ಮಾತು ಅಷ್ಟು ಕೆಟ್ಟದ್ದಲ್ಲ ಎನ್ನಿಸಿತು.

ನನ್ನ ಇನ್ಶೂರೆನ್ಸ್ ಕಂಪನಿ ತನ್ನ ಪಾಲನ್ನು ಆಸ್ಪತ್ರೆಗೆ ಕಟ್ಟಿದೆ. ಅದು ಬಿಟ್ಟದ್ದನ್ನು ನಾವಿಬ್ಬರೂ ಕೈಯಿಂದ ಕಟ್ಟಿದ್ದೇವಲ್ಲ, ಅದನ್ನು ಈಗ ನೀನು ನಿನ್ನ ಕಂಪನಿಗೆ ಕೇಳಬೇಕು. ಎಷ್ಟು ಕೊಟ್ಟೆವು, ಏನನ್ನು ಬಿಟ್ಟೆವು ಎಂದು ನನ್ನ ಕಂಪನಿ ಬರೆದ ಪತ್ರ, ಆಸ್ಪತ್ರೆಯ ಮುದ್ರೆ ಬಿದ್ದ ಬಿಲ್ಲಿನ ನಕಲುಗಳು, ಡಿಸ್ಚಾರ್ಜ್ ಕಾಗದ, ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದ್ದೇನೆ. ಮುದ್ರೆಗಾಗಿ ನಾನು ಕೌಂಟರಿನ ಮುಂದೆ ಅಲ್ಲಾಡದೆ ಕೂತೆ. ಮಲ್ಲೇಶ್ ನನ್ನನ್ನು ನೋಡಿ ಮೊದಲು ಹೆದರಿದ, "ಈ ಸಲ ಒಬ್ರಽ ಬಂದೀರಲ್ರಿ?" ಎಂದ.

ಕವರು ಚೀಲದ ತಳದಲ್ಲಿದೆ. ಮೇಲಿರುವ ರೊಟ್ಟಿ ನನ್ನದು. ಅವ್ವ ಇನ್ನೂ ಕೆಳಗೆ ಕೂರುವಂತಿಲ್ಲ, ಕುರ್ಚಿಯಲ್ಲಿ ಕುಳಿತು ಹೇಳುತ್ತಾ ಹೋದಳು, ನಾನು ಬಡಿದೆ. ಒಂದೂ ದುಂಡಗಿಲ್ಲ. "ಕರ್ನಾಟಕದ ನಕ್ಷೆ ಬರಿ ಅಂದಿದ್ನೇನು?" ಎಂದಳು ಅವ್ವ. ಇದ್ದದ್ದನ್ನೇ ಕಟ್ಟಿದ್ದೇನೆ. ನಾನು ಕಟ್ಟಿದ ಮೊದಲ ಬುತ್ತಿ ಇದು. ಪಾಲಪ್ಪನ ಕೈಗೆ ಕೊಟ್ಟ ಮೇಲೆ ಬಸ್ಸು ತಿರುವು ದಾಟುವ ತನಕ ನಿಂತು ನೋಡಬೇಕೆನ್ನಿಸಿದೆ. ಯಾಕೆ ಎಂದು ಗೊತ್ತಿಲ್ಲ.

ಶಿಲ್ಪಾ


ದೋಣಿಮಲೈ
ಶುಕ್ರವಾರ, 12 ಸೆಪ್ಟೆಂಬರ್ 2025

ಶಿಲ್ಪಾ,

ಎಡಗಾಲಿನ ಹೊಲಿಗೆ ಪೂರ್ತಿ ಒಣಗಿದೆ. ಆಪರೇಷನ್ ಆದ ಮೇಲೆ ನನ್ನ ಜೊತೆ ಇಲ್ಲಿಗೆ ಬಂದ ಅವ್ವ ಕ್ವಾರ್ಟರ್ಸಿನ ವರಾಂಡಾದಲ್ಲಿ ಕುಳಿತು ಬರುವ ಹೋಗುವ ಸ್ಟಾಫ್ ಬಸ್ಸುಗಳನ್ನು ಎಣಿಸುತ್ತಾಳೆ, ಅಕ್ಕಪಕ್ಕದವರಿಗೆಲ್ಲ ಎರಡೂ ಕಾಲು ತೋರಿಸುತ್ತಾಳೆ. ಮಳೆಗೆ ಗುಡ್ಡ ಹಸಿರಾಗಿದೆ, ಗಣಿಯ ಕೆಂಪು ಒಂದು ಕಡೆ, ಹಸಿರು ಒಂದು ಕಡೆ. ಇಷ್ಟು ದಿನ ನಾನು ಇದನ್ನೆಲ್ಲ ನೋಡಿಯೇ ಇರಲಿಲ್ಲ.

ಬಲಗಾಲಿನ ಬಾಕಿಯನ್ನೂ, ಎಡಗಾಲಿನದನ್ನೂ ನನ್ನ ಕಂಪನಿ ಕೊಟ್ಟಿತು. ನಿನ್ನ ಕಾರ್ಡಿನಲ್ಲಿ ಇನ್ನೇನೂ ಬಾಕಿ ಇಲ್ಲ. ಆದರೂ ನೀನು ಶೋರೂಮಿನಲ್ಲೇ ಇದ್ದೀ ಎಂದು ಕೇಳಿದೆ. ನಿನ್ನ ಸೈಕಲ್ಲಿನ ಆಸೆಯನ್ನು ನಾನೇ ಅವ್ವನಿಗೆ ಹೇಳಿದೆ, ಅವಳು ಕೇಳಿದಳು: "ಹಂಚು ಕಾದೈತಿ, ಇನ್ನ ಯಾಕ ಹಿಟ್ಟು ಹಿಡಕೊಂಡು ಕುಂತಾಳ ಆಕಿ?" ಉತ್ತರ ನೀನೇ ಬರೆ.

ಶೈಲಕ್ಕ


ಬುಕ್ಕಸಾಗರ
ಸೋಮವಾರ, 10 ನವೆಂಬರ್ 2025

ಅಕ್ಕ,

ಉತ್ತರ ತಡವಾಯಿತು. ಬಿಡುವುದು ಸುಲಭ ಎಂದು ಎಲ್ಲರೂ ನನ್ನ ಬಗ್ಗೆ ತಿಳಿದಿದ್ದರು, ನಾನೂ ತಿಳಿದಿದ್ದೆ. ಶೋರೂಮಿನವರು ಪಾಲಿಸಿಯಿಂದ ಹೆಸರು ತೆಗೆಯುವ ಕಾಗದ ಮುಂದಿಟ್ಟಾಗ ಅದರಲ್ಲಿ ಎರಡು ಸಾಲಿದ್ದವು. ಒಂದು ನನ್ನ ಹೆಸರು. ಇನ್ನೊಂದು ಮರುಳಸಿದ್ದಮ್ಮ, ತಾಯಿ. ನನ್ನ ಹೆಸರಿನ ಮುಂದೆ ಸಹಿ ಹಾಕಿದೆ. ಎರಡನೆಯದಕ್ಕೆ ಕೈ ಏಳಲಿಲ್ಲ. ನಿನ್ನ ಕಾರ್ಡಿನಲ್ಲಿ ಅವಳಿದ್ದಾಳೆ, ಅದು ದೊಡ್ಡದು, ಅದು ಎಲ್ಲಿಗೂ ಹೋಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಹಾಕಿದೆ. ನಿನ್ನ ಕಾರ್ಡು ದೊಡ್ಡದೆಂದು ನನಗೆ ಸಮಾಧಾನವಾದದ್ದು ಅದೇ ಮೊದಲು.

ಅರ್ಚಿತಾ ಮೂರು ಹೊಸ ಸೈಕಲ್ ತಂದಿದ್ದಾಳೆ. ನಾನು ಬೆಳಿಗ್ಗೆ ಜನರನ್ನು ಕರೆದುಕೊಂಡು ಹೋಗುತ್ತೇನೆ, ಸಂಜೆ ಧೂಳು ಹಿಡಿದು ಬರುತ್ತೇನೆ. ಕಥೆ ಕಟ್ಟಿ ಹೇಳು, ಟಿಪ್ಸ್ ಹೆಚ್ಚು ಬರುತ್ತದೆ ಎನ್ನುತ್ತಾಳೆ. ನನಗೆ ಗೊತ್ತಿಲ್ಲದ ಕಲ್ಲಿನ ಮುಂದೆ ನಾನು ಗೊತ್ತಿಲ್ಲ ಎಂದೇ ಹೇಳುತ್ತೇನೆ. ಟಿಪ್ಸ್ ಕಡಿಮೆಯೇ.

ಇವತ್ತು ಮಧ್ಯಾಹ್ನ ಕಂಪ್ಲಿ ಬಸ್ಸು ನಮ್ಮ ಶೆಡ್ಡಿನ ಮುಂದೆ ನಿಂತು ಹಾರ್ನ್ ಹೊಡೆಯಿತು. ಕಂಡಕ್ಟರ್ ಉಚ್ಚೆಂಗೆಪ್ಪ ಕಿಟಕಿಯಿಂದ ಒಂದು ಚೀಲ ಇಳಿಸಿದ. "ಹೊಸಪ್ಯಾಟಿ ಸ್ಟ್ಯಾಂಡಿನಾಗ ದೋಣಿಮಲೈ ಬಸ್ಸಿನ ಪಾಲಪ್ಪ ಕೊಟ್ಟಾನವ್ವ. ನಿಂಗ ಬುತ್ತಿಯಂತ." ಬಸ್ಸು ಹೋದ ಮೇಲೂ ನಾನು ರಸ್ತೆಯಲ್ಲೇ ನಿಂತಿದ್ದೆ. ಗಂಟನ್ನು ನೋಡಿದ ಕೂಡಲೇ ಅದು ಅವ್ವನ ಗಂಟು ಎಂದು ಗೊತ್ತಾಯಿತು, ಇಷ್ಟು ವರ್ಷ ಹೊತ್ತವಳು ನಾನಲ್ಲವೇ. ಆದರೆ ಬಿಚ್ಚಿ ಗೊತ್ತಿರಲಿಲ್ಲ. ಹಲ್ಲು ಹಚ್ಚಿ ಬಿಚ್ಚಬೇಕಾಯಿತು.

ರೊಟ್ಟಿ ತಣ್ಣಗಿತ್ತು, ಅಕ್ಕ. ನೀನು ಹೇಳಿದ ಹಾಗೇ ತಣ್ಣಗಿತ್ತು. ಗಂಟಲಲ್ಲಿ ನಿಧಾನವಾಗಿ ಇಳಿಯುತ್ತದೆ. ಇಲ್ಲಿ ನಾನು ಬಾಳೆಗಿಡದ ನೆರಳಲ್ಲಿ ಕುಳಿತು ಅದನ್ನು ಮುರಿಯುವಾಗ, ಅಲ್ಲಿ ಅವ್ವ ಗ್ಯಾಸಿನ ಮುಂದೆ ಕುರ್ಚಿ ಹಾಕಿಕೊಂಡು ನಿನ್ನ ತಟ್ಟೆಗೆ ಉಬ್ಬಿದ್ದನ್ನು ಎತ್ತಿ ಹಾಕುತ್ತಿರುತ್ತಾಳೆ. ನೀನು ಬೆರಳು ಸುಟ್ಟುಕೊಳ್ಳುತ್ತಿರುತ್ತೀ. ಸುಳ್ಳು ಬರೆಯುವುದಿಲ್ಲ. ನನಗೆ ಈಗಲೂ ಹೊಟ್ಟೆಕಿಚ್ಚು.

ಡಬ್ಬಿಯಲ್ಲಿ ಸುಗಂಧಿ ಬಾಳೆಹಣ್ಣು ಇಟ್ಟು ಕಳಿಸಿದ್ದೇನೆ. ಘಾಟಿ ಹತ್ತುವಷ್ಟರಲ್ಲಿ ಕಪ್ಪಾದರೂ ಒಳಗೆ ಚೆನ್ನಾಗಿರುತ್ತದೆ.

ಒಂದು ಮಾತು ಬಾಕಿ. ಬುತ್ತಿಯಲ್ಲಿ ಮೇಲಿನವು ಅವ್ವನವು, ತೆಳ್ಳಗೆ, ಚಂದ್ರನ ಹಾಗೆ. ದಪ್ಪಗೆ, ಅಂಚು ಒಡೆದವು ತಳದಲ್ಲಿದ್ದವು. ನೀನು ಬಡಿದವು. ನಾಚಿ ಕೆಳಗೆ ಇಟ್ಟಿದ್ದೀ.

ನಾನು ಅವನ್ನೇ ಮೊದಲು ತಿಂದೆ.

ಶಿಲ್ಪಾ